ಬ್ಲಾಕ್ ಮಾಡಿದ ನಂಬರು, ಬ್ಲಾಕ್ ಆಗಿಹೋದ ನಂಬರು: ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲೂರು ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಮೊಬೈಲ್ ಅಂಗಡಿ ಇದೆ. ರೀಚಾರ್ಜ್, ಚಾರ್ಜರ್, ಡಿಸ್‌ಪ್ಲೇ ಹಾಕುವುದು, ಇಷ್ಟೇ ಕೆಲಸ. ಆದರೆ ಏನನ್ನೂ ಕೊಳ್ಳೋಕಲ್ಲ, ಬ್ಲಾಕ್ ವಿಷಯ ಕೇಳೋಕೆ ಅಂತಲೇ ತುಂಬಾ ಜನ ಬರುತ್ತಾರೆ. "ಈ ನಂಬರು ಬರದ ಹಾಗೆ ಮಾಡಿಕೊಡಿ" ಅನ್ನುವವರು ಅರ್ಧ. "ನಮ್ಮವರ ಫೋನೇ ಬರ್ತಿಲ್ಲ, ಏನಾಗಿದೆ ನೋಡಿ" ಅನ್ನುವವರು ಇನ್ನರ್ಧ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಒಂದು ನಂಬರನ್ನು ಬ್ಲಾಕ್ ಮಾಡೋದು ಹೇಗೆ?

ಆಂಡ್ರಾಯ್ಡ್ ಫೋನ್ ಆದರೆ ಕಾಲ್ ಲಿಸ್ಟ್ ತೆಗೆಯಿರಿ. ಆ ನಂಬರಿನ ಮೇಲೆ ಬೆರಳು ಒತ್ತಿ ಹಿಡಿದುಕೊಳ್ಳಿ, ಇಲ್ಲವೇ ಪಕ್ಕದ ವಿವರದ ಗುರುತು ಒತ್ತಿ. 'ಬ್ಲಾಕ್' ಅಂತ ಬರುತ್ತದೆ. ಐಫೋನ್ ಆದರೆ ನಂಬರಿನ ಪಕ್ಕ ಸಣ್ಣ ವೃತ್ತದೊಳಗೆ 'ಐ' ಅಕ್ಷರ ಇರುತ್ತದೆ, ಅದನ್ನು ಒತ್ತಿ ಕೆಳಗೆ ಹೋದರೆ ಬ್ಲಾಕ್ ಸಿಗುತ್ತದೆ. ಅಷ್ಟೇ. ಕಾಲ್ ಜೊತೆ ಆ ನಂಬರಿನ ಎಸ್‌ಎಂಎಸ್ ಕೂಡ ನಿಲ್ಲುತ್ತದೆ.

ಬ್ಲಾಕ್ ಮಾಡಿದವರ ಪಟ್ಟಿ ಎಲ್ಲಿರುತ್ತದೆ?

ಬ್ಲಾಕ್ ಮಾಡೋದು ಎಲ್ಲರಿಗೂ ಗೊತ್ತು, ಪಟ್ಟಿ ಎಲ್ಲಿದೆ ಅನ್ನೋದು ಯಾರಿಗೂ ಗೊತ್ತಿಲ್ಲ. ಆಂಡ್ರಾಯ್ಡ್‌ನಲ್ಲಿ ಕಾಲ್ ಮಾಡುವ ಆ್ಯಪ್ ತೆರೆದು, ಮೇಲೆ ಮೂಲೆಯಲ್ಲಿರುವ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ 'ಬ್ಲಾಕ್ಡ್ ನಂಬರ್ಸ್' ಅಂತಲೋ 'ಬ್ಲಾಕ್ ನಂಬರ್ಸ್' ಅಂತಲೋ ಇರುತ್ತದೆ. ಹೊಸ ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಆ್ಯಪ್ಸ್, ಅದರೊಳಗೆ ಫೋನ್, ಅದರೊಳಗೆ 'ಬ್ಲಾಕ್ಡ್ ಕಾಂಟ್ಯಾಕ್ಟ್ಸ್'. ಹಳೆಯ ಐಫೋನ್‌ನಲ್ಲಿ 'ಆ್ಯಪ್ಸ್' ಅನ್ನೋ ಮಜಲು ಇಲ್ಲ, ಸೀದಾ ಫೋನ್‌ಗೆ ಹೋಗಬೇಕು.

ಈ ಪಟ್ಟಿಯನ್ನು ತಿಂಗಳಿಗೊಂದು ಸಲವಾದರೂ ತೆರೆದು ನೋಡಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅನ್ನೋದು ಮುಂದಿನ ಪ್ರಶ್ನೆಯಲ್ಲಿದೆ.

ಮಗನ ಫೋನ್ ಬರ್ತಾನೇ ಇಲ್ಲ. ನಾನಂತೂ ಯಾರನ್ನೂ ಬ್ಲಾಕ್ ಮಾಡಿಲ್ಲ. ಹೇಗೆ ಸಾಧ್ಯ?

ಸಾಧ್ಯ. ತುಂಬಾ ಸಲ ನೋಡಿದ್ದೇನೆ.

ಹಳೇಬೀಡು ಕಡೆಯ ಅಜ್ಜಿಯೊಬ್ಬರು ಒಂದು ಮಧ್ಯಾಹ್ನ ಬಂದರು. ಎಲೆ ಅಡಿಕೆ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು, ಅದರೊಳಗಿನ ಕರವಸ್ತ್ರ ಬಿಚ್ಚಿದರು, ಅದರೊಳಗೆ ಫೋನು. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ ಮಗ ಇಪ್ಪತ್ತು ದಿನದಿಂದ ಫೋನ್ ಮಾಡಿಲ್ಲ, ಸಿಮ್ ಹಾಳಾಗಿದ್ಯಾ ನೋಡಪ್ಪ ಅಂದರು. ಇವರಾಗಿ ಮಾಡೋಣ ಅಂದರೆ ಡಯಲ್ ಮಾಡೋಕೆ ಬರಲ್ಲ, ಬಂದ ಫೋನ್ ಎತ್ತೋದು ಮಾತ್ರ ಗೊತ್ತು. ಸಿಮ್ ಸರಿ ಇತ್ತು. ಬ್ಲಾಕ್ ಪಟ್ಟಿ ತೆಗೆದೆ. ನಾಲ್ಕು ನಂಬರು. ಮೂರು 140ರಿಂದ ಶುರುವಾಗುವ ಜಾಹೀರಾತಿನವು. ನಾಲ್ಕನೆಯದನ್ನು ಓದಿ ಹೇಳಿದೆ. ಮೂರು ಅಂಕಿ ಹೇಳುವಷ್ಟರಲ್ಲಿ ಉಳಿದ ಏಳನ್ನು ಅಜ್ಜಿಯೇ ಬಾಯಿಪಾಠ ಒಪ್ಪಿಸಿದರು.

ಆಗಿದ್ದಿಷ್ಟು. ಕಾಲ್ ಮುಗಿದ ಮೇಲೆ ಕೆಲವು ಫೋನ್‌ಗಳಲ್ಲಿ ಒಂದು ಸಣ್ಣ ಪಟ್ಟಿ ಮೇಲೆ ಬರುತ್ತದೆ, ಬ್ಲಾಕ್ ಮಾಡಬೇಕಾ, ಸ್ಪ್ಯಾಮ್ ಅಂತ ತಿಳಿಸಬೇಕಾ ಅಂತ. ಓದೋಕೆ ಬಾರದವರು, ಕನ್ನಡಕ ಮನೆಯಲ್ಲೇ ಬಿಟ್ಟವರು ಅದು ಹೋದರೆ ಸಾಕು ಅಂತ ಎಲ್ಲಾದರೂ ಒಂದು ಕಡೆ ಒತ್ತುತ್ತಾರೆ. ಮೊಮ್ಮಕ್ಕಳು ಆಟ ಆಡುವಾಗಲೂ ಹೀಗಾಗುತ್ತದೆ. ಅಂಕಿಯ ಪಕ್ಕದ 'ಇಂಟು' ಗುರುತು ಒತ್ತಿ ಅನ್‌ಬ್ಲಾಕ್ ಮಾಡಿ, ನನ್ನ ಫೋನಿನಿಂದ ಅವರ ಮಗನಿಗೆ ಹೇಳಿದೆ, ಈಗ ಮಾಡಿ ಅಂತ. ಕೌಂಟರ್ ಮೇಲಿದ್ದ ಫೋನ್ ಹೊಡೆದುಕೊಂಡಿತು. ಅಜ್ಜಿ ತಕ್ಷಣ ಎತ್ತಲಿಲ್ಲ, ಎರಡು ರಿಂಗ್ ಆಗುವವರೆಗೆ ನೋಡುತ್ತಾ ನಿಂತರು. ಆಮೇಲೆ ಎತ್ತಿ, "ಊಟ ಆಯ್ತೇನೋ ಮಗಾ" ಅಂದರು.

ಆ ಮಗ ದಿನಾ ಫೋನ್ ಮಾಡುತ್ತಲೇ ಇದ್ದನಂತೆ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಹಬ್ಬಕ್ಕೆ ಊರಿಗೆ ಹೋದಾಗ ಅವರ ಫೋನಿನ ಬ್ಲಾಕ್ ಪಟ್ಟಿ ನೋಡಿ ಬನ್ನಿ. ಎರಡು ನಿಮಿಷದ ಕೆಲಸ.

ಪಟ್ಟಿಯಲ್ಲಿ ಯಾರೂ ಇಲ್ಲ, ಆದರೂ ಕಾಲ್ ಬರಲ್ಲ. ಈಗೇನು?

ಮೊದಲು 'ಡು ನಾಟ್ ಡಿಸ್ಟರ್ಬ್' ಆನ್ ಆಗಿದೆಯಾ ನೋಡಿ, ಮೇಲೆ ಅರ್ಧ ಚಂದ್ರನ ಗುರುತೋ ಅಡ್ಡಗೆರೆ ಇರುವ ಸಣ್ಣ ವೃತ್ತವೋ ಕಾಣುತ್ತದೆ. ಆಮೇಲೆ ಕಾಲ್ ಫಾರ್ವರ್ಡ್. ನಿಮಗೆ ಬರುವ ಕಾಲ್ ಬೇರೆ ನಂಬರಿಗೆ ಹೋಗುವ ಹಾಗೆ ಮಾಡಿಸಿ, ಓಟಿಪಿ ಕದ್ದು ದುಡ್ಡು ಹೊಡೆಯುವ ಮೋಸ ಇದೆ. 'ನಿಮ್ಮ ನೆಟ್‌ವರ್ಕ್ ಸರಿ ಮಾಡುತ್ತೇವೆ, ಸ್ಟಾರ್ 401 ಒತ್ತಿ' ಅಂತ ಹೇಳಿ ಎಷ್ಟೋ ಜನರನ್ನು ಬೀಳಿಸಿದರು. ಅದಕ್ಕೇ 2024ರ ಏಪ್ರಿಲ್ 15ರಿಂದ ಹೀಗೆ ಕೋಡ್ ಒತ್ತಿ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಲು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತು. ಆದರೂ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಕಾಲ್ ಫಾರ್ವರ್ಡಿಂಗ್' ತೆರೆದು, ಅಲ್ಲಿ ಗೊತ್ತಿಲ್ಲದ ನಂಬರೇನಾದರೂ ಕೂತಿದೆಯಾ ನೋಡಿ, ಇದ್ದರೆ ಆಫ್ ಮಾಡಿ.

ಇದ್ಯಾವುದೂ ಅಲ್ಲ ಅಂದರೆ ಸಿಗ್ನಲ್. ಮೂಡಿಗೆರೆ, ಕಳಸ, ಸಕಲೇಶಪುರದ ತೋಟದೊಳಗೆ ಇರುವವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಮನೆಯಲ್ಲಿ ವೈಫೈ ಇದ್ದರೆ 'ವೈಫೈ ಕಾಲಿಂಗ್' ಆನ್ ಮಾಡಿಕೊಳ್ಳಿ. ಟವರ್ ಸಿಗದಿದ್ದರೂ ಮಾಮೂಲಿ ಕಾಲ್ ಬರುತ್ತದೆ.

ನಾನು ಬ್ಲಾಕ್ ಮಾಡಿದ್ದು ಅವರಿಗೆ ಗೊತ್ತಾಗುತ್ತದಾ?

ಬ್ಲಾಕ್ ಆಗಿದ್ದೀರಿ ಅಂತ ಅವರಿಗೆ ಯಾರೂ ಹೇಳುವುದಿಲ್ಲ. ಒಂದು ಸಲ ರಿಂಗ್ ಆಗಿ ಕಟ್ ಆಗಬಹುದು, ಬಿಜಿ ಅಂತ ಬರಬಹುದು. ಫೋನು, ಕಂಪನಿ ನೋಡಿಕೊಂಡು ಬೇರೆ ಬೇರೆ. ದಿನಾ ಮಾಡಿದಾಗಲೂ ಹೀಗೇ ಆದರೆ ಜಾಣರಿಗೆ ಅನುಮಾನ ಬಂದೇ ಬರುತ್ತದೆ, ಬೇರೆ ನಂಬರಿನಿಂದ ಮಾಡಿ ನೋಡುತ್ತಾರೆ. ವಾಟ್ಸಾಪ್‌ನಲ್ಲಾದರೆ ಒಂದೇ ಟಿಕ್ ನಿಂತಿರುತ್ತದೆ, ಕೊನೆಗೆ ನೋಡಿದ ಸಮಯ ಕಾಣಲ್ಲ. ಹಾಗಂತ ಒಂದು ಟಿಕ್ ಕಂಡ ಕೂಡಲೇ ನಿಮ್ಮನ್ನು ಬ್ಲಾಕ್ ಮಾಡಿದ್ದಾರೆ ಅಂತ ಮುನಿಸಿಕೊಳ್ಳಬೇಡಿ. ಮಳೆಗಾಲದಲ್ಲಿ ಕೊಟ್ಟಿಗೆಹಾರದ ಕಡೆ ಕರೆಂಟ್ ಹೋಗಿ ಫೋನ್ ಸ್ವಿಚ್ ಆಫ್ ಆಗಿದ್ದರೂ ಒಂದೇ ಟಿಕ್.

ಕಾಲ್ ಬ್ಲಾಕ್ ಮಾಡಿದೆ, ವಾಟ್ಸಾಪ್‌ನಲ್ಲಿ ಮತ್ತೆ ಶುರು ಮಾಡಿದ. ಯಾಕೆ?

ಫೋನಿನ ಬ್ಲಾಕ್ ಬೇರೆ, ವಾಟ್ಸಾಪ್ ಬ್ಲಾಕ್ ಬೇರೆ, ಫೋನ್ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್ ಆ್ಯಪ್ ಹಾಕಿಕೊಂಡಿದ್ದರೆ ಅದರದ್ದು ಇನ್ನೊಂದು. ಮೂರು ಬಾಗಿಲು, ಮೂರು ಚಿಲಕ. ಒಂದನ್ನು ಹಾಕಿದರೆ ಇನ್ನೆರಡು ತಾವಾಗಿ ಹಾಕಿಕೊಳ್ಳುವುದಿಲ್ಲ. ತೆಗೆಯುವಾಗಲೂ ಅಷ್ಟೇ. ಫೋನಿನಲ್ಲಿ ಅನ್‌ಬ್ಲಾಕ್ ಮಾಡಿಯೂ ಕಾಲ್ ಬರಲಿಲ್ಲ ಅಂದರೆ ಟ್ರೂಕಾಲರ್ ಪಟ್ಟಿಯಲ್ಲಿ ಕೂತಿರಬಹುದು.

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ, ಅದರ ಕೆಳಗೆ 'ಬ್ಲಾಕ್ಡ್ ಕಾಂಟ್ಯಾಕ್ಟ್ಸ್'. ಅಲ್ಲೇ 'ಕಾಲ್ಸ್' ಅಂತ ಇದೆ, ಅದರಲ್ಲಿ ಗೊತ್ತಿಲ್ಲದವರ ವಾಟ್ಸಾಪ್ ಕಾಲ್ ಸದ್ದು ಮಾಡದ ಹಾಗೆ ಮಾಡಬಹುದು. 2023ರಲ್ಲಿ ಬಂದ ಸೌಲಭ್ಯ. ಇದನ್ನು ಎಲ್ಲರೂ ಆನ್ ಮಾಡಿಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಬಂದ ಕಾಲ್ ಪಟ್ಟಿಯಲ್ಲಿ ಕಾಣುತ್ತದೆ, ಕಳೆದುಹೋಗುವುದಿಲ್ಲ. ಬ್ಲಾಕ್ ಜೊತೆ 'ರಿಪೋರ್ಟ್' ಕೂಡ ಮಾಡಿದರೆ ಆ ನಂಬರಿನಿಂದ ಬಂದ ಕೊನೆಯ ಐದು ಮೆಸೇಜ್ ವಾಟ್ಸಾಪ್‌ನವರಿಗೆ ಹೋಗುತ್ತದೆ. ಕಳಿಸಿದವನಿಗೆ ತಿಳಿಯುವುದಿಲ್ಲ.

ಇಬ್ಬರೂ ಒಂದೇ ಗ್ರೂಪಿನಲ್ಲಿದ್ದರೆ?

ಗ್ರೂಪಿನಲ್ಲಿ ಬ್ಲಾಕ್ ನಡೆಯುವುದಿಲ್ಲ. ಅವರು ಬರೆದದ್ದು ನಿಮಗೆ, ನೀವು ಬರೆದದ್ದು ಅವರಿಗೆ ಕಾಣುತ್ತದೆ.

ಕಾಂಟ್ಯಾಕ್ಟ್ ಡಿಲೀಟ್ ಮಾಡಿದರೆ ಬ್ಲಾಕ್ ಆದ ಹಾಗೆ ಅಲ್ವಾ?

ಅಲ್ಲ. ಡಿಲೀಟ್ ಮಾಡಿದರೆ ಹೆಸರು ಹೋಗುತ್ತದೆ, ಕಾಲ್ ಬರುತ್ತಲೇ ಇರುತ್ತದೆ, ಬರೀ ನಂಬರಾಗಿ. ಉಲ್ಟಾ ಕೂಡ ಹಾಗೇ. ಬ್ಲಾಕ್ ಮಾಡಿ ಆಮೇಲೆ ಹೆಸರು ಡಿಲೀಟ್ ಮಾಡಿದರೆ ನಂಬರು ಪಟ್ಟಿಯಲ್ಲೇ ಉಳಿಯಬಹುದು. ಎರಡು ವರ್ಷ ಬಿಟ್ಟು ನೋಡಿದರೆ ಇದು ಯಾರದ್ದು ಅಂತ ನಿಮಗೇ ಗೊತ್ತಾಗಲ್ಲ. ಹೆಸರು ಇಟ್ಟುಕೊಂಡೇ ಬ್ಲಾಕ್ ಮಾಡುವುದು ಒಳ್ಳೆಯದು.

ಬ್ಲಾಕ್ ಮಾಡಿದವರಿಗೆ ನಾನು ಫೋನ್ ಮಾಡಬಹುದಾ?

ಮಾಡಬಹುದು, ಹೋಗುತ್ತದೆ. ಬ್ಲಾಕ್ ಒಳಗೆ ಬರುವುದನ್ನು ಮಾತ್ರ ತಡೆಯುತ್ತದೆ. ಇದರಿಂದ ಒಂದು ಎಡವಟ್ಟು ಆಗುತ್ತದೆ. ನೀವು ಮಾಡಿದ್ದೀರಿ, ಅವರು ಎತ್ತಲಿಲ್ಲ, ಆಮೇಲೆ ಮಿಸ್ಡ್ ಕಾಲ್ ನೋಡಿ ವಾಪಸ್ ಮಾಡುತ್ತಾರೆ, ಅದು ನಿಮಗೆ ಬರುವುದಿಲ್ಲ.

ಲೋನ್ ಬೇಕಾ, ಸೈಟ್ ಬೇಕಾ ಅಂತ ದಿನಾ ಕಾಲ್. ಒಂದನ್ನು ಬ್ಲಾಕ್ ಮಾಡಿದರೆ ಇನ್ನೊಂದು ಬರುತ್ತದೆ.

ಒಂದೊಂದೇ ನಂಬರು ಬ್ಲಾಕ್ ಮಾಡುತ್ತಾ ಕೂತರೆ ಅದು ಮುಗಿಯುವ ಕೆಲಸವಲ್ಲ. ಬುಡಕ್ಕೇ ಹೋಗಬೇಕು. ದೇಶದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇದಕ್ಕೆಂದೇ 1909 ಇಟ್ಟಿದೆ. ಆ ನಂಬರಿಗೆ ಕಾಲ್ ಮಾಡಿ ಜಾಹೀರಾತು ಬೇಡ ಅಂತ ನೋಂದಾಯಿಸಿ. ಇಲ್ಲವೇ ಇಂಗ್ಲಿಷಿನಲ್ಲಿ ಸ್ಟಾರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಎಸ್‌ಎಂಎಸ್ ಕಳಿಸಿ. ನಿಮ್ಮ ಬ್ಯಾಂಕ್ ವ್ಯವಹಾರದ ಮೆಸೇಜ್, ಓಟಿಪಿ ಇದರಿಂದ ನಿಲ್ಲುವುದಿಲ್ಲ, ಹೆದರಬೇಡಿ.

ನಂಬರಿನ ಮೊದಲ ಅಂಕಿಗಳನ್ನು ನೋಡೋದು ಕಲಿತುಕೊಳ್ಳಿ. 140ರಿಂದ ಶುರುವಾದರೆ ಜಾಹೀರಾತು. 1600ರಿಂದ ಶುರುವಾಗುವ ಸರಣಿ ಬ್ಯಾಂಕ್, ವಿಮೆ, ಸರ್ಕಾರಿ ಸೇವೆಯ ಕಾಲ್‌ಗಳಿಗೆ ಮೀಸಲು, ಅದನ್ನು ಬ್ಲಾಕ್ ಮಾಡಬೇಡಿ. ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಗೂ ಈಗ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ: ಪಿ ಅಂದರೆ ಜಾಹೀರಾತು, ಎಸ್ ಅಂದರೆ ಸೇವೆ, ಟಿ ಅಂದರೆ ವ್ಯವಹಾರ, ಜಿ ಅಂದರೆ ಸರ್ಕಾರ. ನಮ್ಮ ನಿಮ್ಮಂಥ ಮಾಮೂಲಿ ಹತ್ತಂಕಿ ನಂಬರಿನಿಂದ ಜಾಹೀರಾತು ಮಾಡುವುದು ನಿಯಮಕ್ಕೆ ವಿರುದ್ಧ. 2025ರ ಫೆಬ್ರುವರಿಯಲ್ಲಿ ನಿಯಮ ತಿದ್ದಿದ್ದಾರೆ. ಮೊದಲು ಮೂರು ದಿನದೊಳಗೆ ದೂರು ಕೊಡಬೇಕಿತ್ತು, ಈಗ ಏಳು ದಿನ ಸಮಯ ಇದೆ. ಇಂಥ ನಂಬರಿನ ಮೇಲೆ ದೂರು ಕೊಡೋಕೆ ಮೊದಲೇ ನೋಂದಾಯಿಸಿರಬೇಕು ಅಂತಲೂ ಇಲ್ಲ. ಯಾವ ನಂಬರು, ಯಾವ ದಿನ, ಏನು ಹೇಳಿದರು, 1909ಕ್ಕೆ ಇಷ್ಟು ಹೇಳಿದರೆ ಸಾಕು. ಬೈದು ಫೋನ್ ಇಡೋದಕ್ಕಿಂತ ದೂರು ಕೊಡುವುದೇ ಹೆಚ್ಚು ಕೆಲಸ ಮಾಡುತ್ತದೆ ಅನ್ನೋದು ನನ್ನ ಅನುಭವ.

ಹಾಗಾದರೆ ಗೊತ್ತಿಲ್ಲದ ನಂಬರನ್ನೆಲ್ಲ ಒಟ್ಟಿಗೇ ಬಂದ್ ಮಾಡಿಬಿಡಲಾ?

ಐಫೋನ್‌ನಲ್ಲಿ 2019ರಿಂದಲೇ ಈ ಸೌಲಭ್ಯ ಇದೆ, ಹಲವು ಆಂಡ್ರಾಯ್ಡ್‌ಗಳಲ್ಲೂ ಇದೆ. ಬೆಂಗಳೂರಿನ ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಸರಿಹೋಗಬಹುದು. ನಮ್ಮ ಕಡೆಯವರು ಮಾಡಬೇಡಿ ಅಂತ ನಾನು ಹೇಳುತ್ತೇನೆ.

ನಮಗೆ ಬರುವ ಮುಖ್ಯವಾದ ಕಾಲ್ ಎಷ್ಟೋ ಸಲ ಗೊತ್ತಿಲ್ಲದ ನಂಬರಿನಿಂದಲೇ ಬರುತ್ತದೆ. ತೋಟದ ಆಳುಗಳಿರುವ ಲೈನ್ ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಅವರ ಫೋನಿನಲ್ಲಿ ಕರೆನ್ಸಿ ಇಲ್ಲ, ಪಕ್ಕದವರ ಫೋನ್ ಇಸ್ಕೊಂಡು ಮಾಡುತ್ತಾರೆ. ಕಾಫಿ ಹಣ್ಣು ಕುಯ್ಯುವ ಸಮಯದಲ್ಲಿ ಆಳು ಕರೆತರುವವರು ಹೊಸ ನಂಬರಿನಿಂದ ಮಾಡುತ್ತಾರೆ. ಶುಂಠಿ, ಆಲೂಗಡ್ಡೆ ಲೋಡ್ ತೆಗೆದುಕೊಂಡು ಹೋದ ಲಾರಿ ಡ್ರೈವರ್ ದಾರಿ ಮಧ್ಯೆ ಇನ್ಯಾರದ್ದೋ ಫೋನಿನಿಂದ ಮಾಡುತ್ತಾನೆ. ಸಿಲಿಂಡರ್‌ನವರು, ಲೈನ್‌ಮ್ಯಾನ್, ಅಂಚೆಯವರು, ಇವರ ನಂಬರು ಎಲ್ಲರ ಹತ್ತಿರ ಸೇವ್ ಆಗಿರುತ್ತಾ? 08172, 08262 ಇಂಥ ಲ್ಯಾಂಡ್‌ಲೈನ್ ಕಾಲ್ ಹಾಸನ, ಚಿಕ್ಕಮಗಳೂರಿನ ಆಸ್ಪತ್ರೆಯಿಂದಲೋ ಕಚೇರಿಯಿಂದಲೋ ಇರಬಹುದು.

ಎಲ್ಲಕ್ಕಿಂತ ಮುಖ್ಯ ಆನೆ. ಆಲೂರು, ಸಕಲೇಶಪುರ ಭಾಗದಲ್ಲಿ ಆನೆ ಎಲ್ಲಿದೆ ಅಂತ ಎಚ್ಚರಿಸುವ ಎಸ್‌ಎಂಎಸ್ ಬರುತ್ತದೆ, ರೆಕಾರ್ಡ್ ಮಾಡಿದ ದನಿಯ ಕಾಲ್ ಕೂಡ ಬರುತ್ತದೆ. ಎತ್ತಿದ ಕೂಡಲೇ ಮಷೀನ್ ಮಾತಾಡಿದ ಹಾಗೆ ಕೇಳಿಸುವುದರಿಂದ ಕೆಲವರು ಜಾಹೀರಾತು ಅಂದುಕೊಂಡು ಬ್ಲಾಕ್ ಒತ್ತಿಬಿಡುತ್ತಾರೆ. ತೋಟವೊಂದರ ರೈಟರ್ ಫೋನಿನಲ್ಲಿ ಹೀಗೇ ಆಗಿದ್ದನ್ನು ನಾನೇ ಸರಿ ಮಾಡಿಕೊಟ್ಟೆ. ಬೆಳಿಗ್ಗೆ ಆರೂವರೆಗೆ ಆಳುಗಳನ್ನು ತೋಟದ ಯಾವ ಭಾಗಕ್ಕೆ ಕಳಿಸಬೇಕು ಅಂತ ತೀರ್ಮಾನ ಮಾಡುವ ಮನುಷ್ಯ ಅವರು. ಆ ನಂಬರನ್ನು 'ಆನೆ' ಅಂತ ಸೇವ್ ಮಾಡಿ, ಬೇರೆ ರಿಂಗ್‌ಟೋನ್ ಹಾಕಿ ಕೊಟ್ಟೆ. ನೀವೂ ಹಾಗೇ ಮಾಡಿಕೊಳ್ಳಿ.

ಕಾಟ ಜಾಸ್ತಿ ಅನ್ನಿಸಿದರೆ ಎಲ್ಲವನ್ನೂ ಬಂದ್ ಮಾಡುವ ಬದಲು 140ರಿಂದ ಶುರುವಾಗುವುದನ್ನು ಮಾತ್ರ ತಡೆಯಿರಿ. ಟ್ರೂಕಾಲರ್‌ನಲ್ಲಿ, ಕೆಲವು ಫೋನ್‌ಗಳ ಬ್ಲಾಕ್ ಪಟ್ಟಿಯಲ್ಲಿ, ಮೊದಲ ಅಂಕಿ ಕೊಟ್ಟು ಇಡೀ ಸರಣಿಯನ್ನೇ ಬ್ಲಾಕ್ ಮಾಡಬಹುದು.

ಪೊಲೀಸ್ ಅಂತ ಹೇಳಿಕೊಂಡು ವಿಡಿಯೋ ಕಾಲ್ ಬಂತು. ಬ್ಲಾಕ್ ಮಾಡಿದರೆ ಕೇಸ್ ಆಗುತ್ತಾ?

ಆಗುವುದಿಲ್ಲ. ಕಟ್ ಮಾಡಿ, ಬ್ಲಾಕ್ ಮಾಡಿ. ವಿಡಿಯೋ ಕಾಲ್‌ನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸುವ 'ಡಿಜಿಟಲ್ ಅರೆಸ್ಟ್' ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. ಯಾವ ಪೊಲೀಸರೂ ವಾಟ್ಸಾಪ್ ವಿಡಿಯೋದಲ್ಲಿ ನಿಮ್ಮನ್ನು ಕೂರಿಸಿಕೊಂಡು ದುಡ್ಡು ಹಾಕಿಸಿಕೊಳ್ಳುವುದಿಲ್ಲ. ಬ್ಲಾಕ್ ಮಾಡುವ ಮುಂಚೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಸಂಚಾರ್ ಸಾಥಿ ಅನ್ನೋ ಸರ್ಕಾರಿ ತಾಣದಲ್ಲಿ 'ಚಕ್ಷು' ಅಂತ ಇದೆ, 2024ರಲ್ಲಿ ಶುರುವಾದದ್ದು. ಅನುಮಾನದ ಕಾಲ್, ಮೆಸೇಜ್ ಬಗ್ಗೆ ಅಲ್ಲಿ ತಿಳಿಸಬಹುದು. ದುಡ್ಡು ಈಗಾಗಲೇ ಹೋಗಿದ್ದರೆ ಚಕ್ಷು ಅಲ್ಲ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಮನೆಯವರು ಬೈತಾರೆ ಅಂತ ಒಂದು ರಾತ್ರಿ ತಡ ಮಾಡಿದರೂ ಆ ದುಡ್ಡು ನಾಲ್ಕು ಖಾತೆ ದಾಟಿ ಹೋಗಿರುತ್ತದೆ.

ಒಬ್ಬ ಹಿಂದೆ ಬಿದ್ದಿದ್ದಾನೆ. ನಂಬರು ಬದಲಾಯಿಸಿ ಬದಲಾಯಿಸಿ ಮಾಡುತ್ತಾನೆ. ಏನು ಮಾಡಲಿ?

ಈ ಪ್ರಶ್ನೆಯನ್ನು ಹೆಣ್ಣುಮಕ್ಕಳು ಅಂಗಡಿ ಖಾಲಿಯಾಗುವವರೆಗೆ ಕಾದು ಕೇಳುತ್ತಾರೆ. ತಪ್ಪು ನಿಮ್ಮದಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಒಂದೇ ಒಂದು ಸಲ, ಬರಹದಲ್ಲಿ, ನೇರವಾಗಿ ಹೇಳಿ: ನನಗೆ ಫೋನ್ ಮಾಡಬೇಡಿ, ಮೆಸೇಜ್ ಕಳಿಸಬೇಡಿ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇದಕ್ಕೆ ಕಾರಣ ಇದೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ, ಹೆಣ್ಣು ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಸಂಪರ್ಕಿಸಲು ನೋಡುವುದು ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆ ಇದೆ. ನೀವು ಬೇಡ ಅಂದಿದ್ದಕ್ಕೆ ಆ ಒಂದು ಮೆಸೇಜೇ ಸಾಕ್ಷಿ.

ಆಮೇಲೆ ಬ್ಲಾಕ್ ಮಾಡಿ, ಆದರೆ ಏನನ್ನೂ ಅಳಿಸಬೇಡಿ. ಸಿಟ್ಟಿಗೆ ಇಡೀ ಚಾಟ್ ಡಿಲೀಟ್ ಮಾಡಿ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಸಾಕ್ಷಿಯೆಲ್ಲ ಅದರ ಜೊತೆ ಹೋಗಿರುತ್ತದೆ. ಪ್ರತಿ ಹೊಸ ನಂಬರು, ದಿನ, ಸಮಯ ಒಂದು ಪುಸ್ತಕದಲ್ಲಿ ಬರೆದಿಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಅಮ್ಮನಿಗೆ ಹೇಳೋಕೆ ಆಗದಿದ್ದರೆ ಅಕ್ಕನಿಗೆ ಹೇಳಿ. ಮಹಿಳಾ ಸಹಾಯವಾಣಿ 181. ಅಪಾಯ ಅನ್ನಿಸಿದರೆ 112.

112ಕ್ಕೆ ಕಾಲ್ ಮಾಡಿದ ಮೇಲೆ ಬ್ಲಾಕ್ ಕೆಲಸ ಮಾಡ್ತಿಲ್ಲ. ಫೋನ್ ಕೆಟ್ಟಿದೆಯಾ?

ಕೆಟ್ಟಿಲ್ಲ. ತುರ್ತು ನಂಬರಿಗೆ ಕಾಲ್ ಮಾಡಿದರೆ ಹಲವು ಆಂಡ್ರಾಯ್ಡ್ ಫೋನ್‌ಗಳು ಸ್ವಲ್ಪ ಸಮಯ ಬ್ಲಾಕ್ ಅನ್ನು ತಾವೇ ನಿಲ್ಲಿಸುತ್ತವೆ. ಪೊಲೀಸರೋ ಆಂಬುಲೆನ್ಸ್‌ನವರೋ ಯಾವ ನಂಬರಿನಿಂದ ವಾಪಸ್ ಮಾಡುತ್ತಾರೋ ಗೊತ್ತಿಲ್ಲ, ಅದು ತಪ್ಪಿಹೋಗಬಾರದು ಅಂತ. ಬೇಕಾದರೆ ಬ್ಲಾಕ್ ಪಟ್ಟಿಯ ಮೇಲ್ಗಡೆ ಅದನ್ನು ಮತ್ತೆ ಶುರು ಮಾಡುವ ಆಯ್ಕೆ ಇರುತ್ತದೆ.

ಸಂಬಂಧಿಕರನ್ನು ಬ್ಲಾಕ್ ಮಾಡೋದು ತಪ್ಪಾ?

ದಾಯಾದಿ ಜಗಳ, ತೋಟದ ಭಾಗ, ಕೈಸಾಲ. ಇವೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ. ರಾತ್ರಿ ಹನ್ನೊಂದಕ್ಕೆ ಕುಡಿದು ಫೋನ್ ಮಾಡಿ ಬೈಯುವವರು ಸೋದರಮಾವನೇ ಆದರೂ ಬ್ಲಾಕ್ ಮಾಡಿ, ನಿಮ್ಮ ನಿದ್ದೆ ನಿಮಗೆ ಮುಖ್ಯ. ಬರೀ ಮುನಿಸು ಆದರೆ ಬ್ಲಾಕ್ ಬೇಡ. ಅವರ ನಂಬರಿಗೆ ಸದ್ದಿಲ್ಲದ ರಿಂಗ್‌ಟೋನ್ ಹಾಕಿ, ವಾಟ್ಸಾಪ್‌ನಲ್ಲಿ ಮ್ಯೂಟ್ ಮಾಡಿ. ಕಾಲ್ ಬಂದದ್ದು ಕಾಣುತ್ತದೆ, ಮನಸ್ಸಾದಾಗ ಮಾತಾಡಬಹುದು. ಬ್ಲಾಕ್ ಮಾಡಿದ್ದು ಮರೆತುಹೋಗಿ ಸಾವಿನ ಸುದ್ದಿ ತಲುಪದೆ ಮಣ್ಣಿಗೆ ಹೋಗೋಕಾಗಲಿಲ್ಲ ಅಂತ ಕಣ್ಣೀರು ಹಾಕಿದವರು ಈ ಕೌಂಟರ್ ಮುಂದೆ ನಿಂತಿದ್ದಾರೆ.

ಹೊಸ ಫೋನ್ ತೆಗೆದುಕೊಂಡರೆ ಬ್ಲಾಕ್ ಪಟ್ಟಿ ಬರುತ್ತದಾ? ಎರಡು ಸಿಮ್ ಇದ್ದರೆ?

ವಾಟ್ಸಾಪ್ ಪಟ್ಟಿ ನಿಮ್ಮ ಖಾತೆಯ ಜೊತೆಯೇ ಬರುತ್ತದೆ. ಫೋನಿನ ಪಟ್ಟಿ ಬರಬಹುದು, ಬರದೆಯೂ ಇರಬಹುದು, ಕಂಪನಿ ಬದಲಾದರೆ ನಂಬಬೇಡಿ. ಹಳೆಯ ಫೋನ್ ಕೊಡುವ ಮೊದಲು ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಎರಡು ಸಿಮ್ ಇದ್ದರೂ ಒಂದೇ ಸಲ ಬ್ಲಾಕ್ ಮಾಡಿದರೆ ಸಾಕು.

ಅನ್‌ಬ್ಲಾಕ್ ಮಾಡಿದರೆ ಅಷ್ಟು ದಿನದ ಕಾಲ್, ಮೆಸೇಜ್ ಎಲ್ಲ ಬರುತ್ತದಾ?

ವಾಟ್ಸಾಪ್‌ನಲ್ಲಿ ಬರುವುದಿಲ್ಲ. ಬ್ಲಾಕ್ ಇದ್ದಾಗ ಕಳಿಸಿದ್ದು ಹೋಯಿತು ಅಂತಲೇ ಲೆಕ್ಕ. ಐಫೋನ್ ಮೆಸೇಜೂ ಹಾಗೇ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಮೆಸೇಜಸ್ ಬಳಸುತ್ತಿದ್ದರೆ 'ಸ್ಪ್ಯಾಮ್ ಆ್ಯಂಡ್ ಬ್ಲಾಕ್ಡ್' ಅನ್ನುವ ಜಾಗದಲ್ಲಿ ಎಸ್‌ಎಂಎಸ್‌ಗಳು ಉಳಿದಿರುತ್ತವೆ, ಅಲ್ಲಿ ಒಮ್ಮೆ ಹುಡುಕಿ. ಕೆಲವು ಫೋನಿನ ಕಾಲ್ ಲಿಸ್ಟ್‌ನಲ್ಲಿ ಬ್ಲಾಕ್ ಆದ ಕಾಲ್‌ಗಳು ಬೇರೆ ಗುರುತಿನ ಜೊತೆ ಕಾಣುತ್ತವೆ. ಅಜ್ಜಿಯ ಫೋನಿನಲ್ಲೂ ಹಾಗೇ ಇತ್ತು. ಮಗನ ಹೆಸರಿನ ಮುಂದೆ ಇಪ್ಪತ್ತು ದಿನದ ಕಾಲ್ ಸಾಲಾಗಿ ನಿಂತಿದ್ದವು, ಎಲ್ಲವೂ ರಾತ್ರಿ ಎಂಟರ ಹೊತ್ತಿನವು.